ಬೋರ್ಡಿಂಗ್ ಮೊದಲು, ಮಾನ್ಯತೆ ಆಮೇಲೆ

1906ರ ಡಿಸೆಂಬರ್ 4. ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಕಪ್ಪುವರ್ಣೀಯ ವಿದ್ಯಾರ್ಥಿಗಳು ಸೇರಿ ‘ಆಲ್ಫಾ ಫೈ ಆಲ್ಫಾ’ ಎಂಬ ಬಳಗ ಕಟ್ಟಿದರು. ಅದಕ್ಕೂ ಸ್ವಲ್ಪ ಹಿಂದೆ ಅಲ್ಲಿ ಓದುತ್ತಿದ್ದ ಬೆರಳೆಣಿಕೆಯ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಜನ ರಜೆ ಮುಗಿದ ಮೇಲೆ ಕಾಲೇಜಿಗೆ ಮರಳಿರಲೇ ಇಲ್ಲ. ಉಳಿದವರು ಹಾಗೆ ಉದುರಿಹೋಗಬಾರದೆಂದು ಮೊದಲು ಓದುಕೂಟ ನಡೆಸಿದರು, ಆಮೇಲೆ ಅದನ್ನೇ ಗ್ರೀಕ್ ಅಕ್ಷರಗಳ ಹೆಸರಿನ ‘ಫ್ರೆಟರ್ನಿಟಿ’ (ಸೋದರ ಬಳಗ) ಮಾಡಿಕೊಂಡರು. ಬಿಳಿಯರ ಫ್ರೆಟರ್ನಿಟಿ ಮನೆಗಳಲ್ಲಿ ಊಟ ಬಡಿಸುವ ಕೆಲಸ ಇಂಥ ಹುಡುಗರಿಗೆ ಸಿಗುತ್ತಿತ್ತು, ಅದೇ ಪಂಕ್ತಿಯಲ್ಲಿ ಕೂರುವ ಹಕ್ಕು ಸಿಗುತ್ತಿರಲಿಲ್ಲ.

ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳ ಪ್ರೇರಣೆಯಿಂದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಕಾರ್ನೆಲ್ ಇರುವ ಇಥಾಕಾದ ಹುಡುಗರಿಗೆ ಬಾಗಲಕೋಟೆ ಗೊತ್ತಿರಲಿಲ್ಲ, ಬಾಗಲಕೋಟೆಯ ಹಿರಿಯರಿಗೆ ಇಥಾಕಾ ಗೊತ್ತಿರಲಿಲ್ಲ. ಎರಡೂ ಕಡೆ ಪ್ರಶ್ನೆ ಮಾತ್ರ ಒಂದೇ: ಕಾಲೇಜಿನ ಬಾಗಿಲು ಕಾಗದದ ಮೇಲೆ ತೆರೆದಿದ್ದರೂ ಒಳಗೆ ಹೋದ ಹುಡುಗ ಎಲ್ಲಿ ಉಳಿಯಬೇಕು, ಯಾರ ಜೊತೆ ಉಣ್ಣಬೇಕು, ಸೋತಾಗ ಯಾರ ಬಳಿ ಹೋಗಬೇಕು?

ಆ ಕಾಲದ ಕೃಷ್ಣಾ-ಘಟಪ್ರಭಾ ಸೀಮೆಯನ್ನು ನೆನೆದರೆ ಆ ಪ್ರಶ್ನೆಯ ಭಾರ ತಿಳಿಯುತ್ತದೆ. ಜಮಖಂಡಿಯಲ್ಲಿ ಪಟವರ್ಧನರ ಆಳ್ವಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ. ಒಂದೇ ದಿನದ ದಾರಿಯಲ್ಲಿ ನಾಲ್ಕು ಆಡಳಿತ, ಆದರೆ ಪದವಿ ಕಾಲೇಜು ಒಂದೂ ಇಲ್ಲ. ಮೆಟ್ರಿಕ್ ಮುಗಿಸಿದವರು ಕೊಲ್ಲಾಪುರದ ರಾಜಾರಾಮ್ ಕಾಲೇಜಿಗೋ ಪುಣೆಗೋ ಹೋಗಬೇಕು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜು 1919ರಲ್ಲಿ. ಪುಣೆಯ ನ್ಯೂ ಪೂನಾ ಕಾಲೇಜು ಜಮಖಂಡಿ ಸಂಸ್ಥಾನಿಕರ ದೇಣಿಗೆ ಪಡೆದು 1926ರಲ್ಲಿ ಸರ್ ಪರಶುರಾಮಭಾವು ಕಾಲೇಜಾಯಿತು. ಜಮಖಂಡಿಯ ದೊರೆಯ ಹೆಸರಿನ ಕಾಲೇಜಿಗೆ ಸೇರಲು ಜಮಖಂಡಿಯ ಹುಡುಗ ಪುಣೆಯ ರೈಲು ಹತ್ತಬೇಕಾಗಿತ್ತು.

ಊರು ಬಿಟ್ಟು ಓದಲು ಬಂದ ಬಡ ಹುಡುಗರಿಗೆ ಹಳೆಯ ಆಸರೆಯೆಂದರೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಗೊತ್ತು ಮಾಡಿಕೊಂಡರೆ ಒಂದು ವಾರದ ಊಟ ದಾಟಿತು. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಈ ಏರ್ಪಾಡು ನಡೆಯುತ್ತಿದ್ದುದು ಜಾತಿಯ ಒಳಗೆ. ಪೇಟೆಯಲ್ಲಿ ತಮ್ಮವರ ಮನೆಗಳಿಲ್ಲದ ರೈತರ, ನೇಕಾರರ, ಕುರುಬರ ಮಕ್ಕಳಿಗೆ ಅದು ಸಿಗುವುದು ಕಷ್ಟವಿತ್ತು. ದಲಿತರ ಮಕ್ಕಳಿಗಂತೂ ಅಂಥ ಮನೆಗಳ ಹೊಸ್ತಿಲನ್ನೂ ಮುಟ್ಟುವಂತಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಬೋರ್ಡಿಂಗ್. ಧಾರವಾಡದಲ್ಲಿ 1883ರಷ್ಟು ಹಿಂದೆಯೇ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆ ಸಂಸ್ಥೆಯೊಂದನ್ನು ಕಟ್ಟಿದ್ದರು. ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಮುಂದೆ ನಾಡಿನ ತುಂಬ ಮಾಸ್ತರರಾದರು, ವಕೀಲರಾದರು. ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಕಾಳುಕಡಿ ಕೂಡಿಸುವ ಮಠಾಧೀಶರು ಈ ಸೀಮೆಯ ನೆನಪಿನಲ್ಲಿ ಇಂದಿಗೂ ಇದ್ದಾರೆ. 1910ರಲ್ಲಿ ವಿಜಾಪುರದಲ್ಲಿ ವಚನ ಸಂಶೋಧಕ ಫ.ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದರು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಏಳು ಜನ ಕೆ.ಎಲ್.ಇ. ಸಂಸ್ಥೆ ಆರಂಭಿಸಿದರು. ಕಾರ್ನೆಲ್ಲಿನ ಏಳು ಮಂದಿಯನ್ನು ಅವರ ಬಳಗದವರು ‘ಏಳು ರತ್ನಗಳು’ ಎಂದು ನೆನೆದರೆ, ಬೆಳಗಾವಿಯ ಏಳು ಮಂದಿ ಇಲ್ಲಿ ‘ಸಪ್ತರ್ಷಿಗಳು’.

ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಬೋರ್ಡಿಂಗ್ ಕಟ್ಟುವುದನ್ನು ರಾಜ್ಯದ ನೀತಿಯನ್ನಾಗಿಯೇ ಮಾಡಿದರು. 1901ರಲ್ಲಿ ಮರಾಠಾ ಬೋರ್ಡಿಂಗ್, ಅದರ ಬೆನ್ನಿಗೆ ಜೈನ, ಮುಸ್ಲಿಂ, ಲಿಂಗಾಯತ ಬೋರ್ಡಿಂಗುಗಳು, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್. ಜಮಖಂಡಿ ತಾಲೂಕಿನ ಸಾವಳಗಿಯ ಬಿ.ಡಿ. ಜತ್ತಿ ಪದವಿಗೂ ಕಾನೂನಿಗೂ ಆರಿಸಿಕೊಂಡದ್ದು ಇದೇ ಕೊಲ್ಲಾಪುರವನ್ನು. ಅಲ್ಲಿಂದ ಮರಳಿ ಜಮಖಂಡಿಯಲ್ಲಿ ವಕೀಲಿ ಮಾಡಿದ ಅವರು ಮುಂದೆ ರಾಜ್ಯದ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ ಆದರು.

ಇವೆಲ್ಲ ಬರೀ ದಾನಧರ್ಮದಿಂದ ಬೆಳೆದವೆಂದು ತಿಳಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಉಳಿದರ್ಧ ವಿಶ್ವವಿದ್ಯಾಲಯದ ನಿಯಮಗಳಲ್ಲಿದೆ. ಲಾರ್ಡ್ ಕರ್ಜನ್ ಕಾಲದ 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆ ಕಾಲೇಜುಗಳ ಮಾನ್ಯತೆಗೆ ಕರಾರುಗಳನ್ನು ಹಾಕಿತು. ಕಟ್ಟಡ, ಗ್ರಂಥಾಲಯ, ಅಧ್ಯಾಪಕರ ಅರ್ಹತೆಯ ಜೊತೆ ಇನ್ನೊಂದು ಕರಾರೂ ಇತ್ತು: ತಂದೆತಾಯಿ ಅಥವಾ ಪೋಷಕರ ಮನೆಯಲ್ಲಿರದ ವಿದ್ಯಾರ್ಥಿಗೆ ಕಾಲೇಜಿನಲ್ಲಾಗಲಿ ಕಾಲೇಜು ಒಪ್ಪಿದ ವಸತಿಯಲ್ಲಾಗಲಿ ಉಳಿಯುವ ವ್ಯವಸ್ಥೆ ಇರಬೇಕು, ಅವನ ಮೇಲೆ ನಿಗಾ ಇರಬೇಕು. ಇದರಿಂದ ಬೋರ್ಡಿಂಗಿಗೆ ಹೊಸ ತೂಕ ಬಂತು. ಕಾಲೇಜಿಗೆ ಒಪ್ಪಿತ ವಸತಿ ಬೇಕು, ಸಮುದಾಯಕ್ಕೆ ತನ್ನ ಮಕ್ಕಳಿಗೆ ಸೂರು ಬೇಕು. ಬೋರ್ಡಿಂಗಿನಿಂದ ಹೈಸ್ಕೂಲು, ಹೈಸ್ಕೂಲಿನಿಂದ ಕಾಲೇಜು ಎನ್ನುವುದು ಉತ್ತರ ಕರ್ನಾಟಕದ ಹಲವು ಸಂಸ್ಥೆಗಳು ನಡೆದು ಬಂದ ದಾರಿ. ಕೆ.ಎಲ್.ಇ. ಮೊದಲು ಗಿಲಗಂಚಿ-ಅರಟಾಳ ಹೈಸ್ಕೂಲು ನಡೆಸಿ, 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಮಾನ್ಯತೆಯೊಂದಿಗೆ ಲಿಂಗರಾಜ ಕಾಲೇಜು ತೆರೆಯಿತು.

ಅಮೆರಿಕದಲ್ಲಿ ಮಾನ್ಯತೆಯ ಜಗ್ಗಾಟ ಬೇರೆ ತರದ್ದಾಗಿತ್ತು. 1911ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳು ಜೀವವಿಜ್ಞಾನಿ ಅರ್ನೆಸ್ಟ್ ಜಸ್ಟ್ ಅವರ ಮಾರ್ಗದರ್ಶನದಲ್ಲಿ ‘ಒಮೆಗಾ ಸೈ ಫೈ’ ಕಟ್ಟಿದರು. ಹೋವರ್ಡ್ ಕಪ್ಪು ವಿದ್ಯಾರ್ಥಿಗಳಿಗೆಂದೇ ಹೆಸರಾದ ಸಂಸ್ಥೆ, ಅಲ್ಲೂ ಆಡಳಿತ ಸುಲಭಕ್ಕೆ ಒಪ್ಪಲಿಲ್ಲ. ಸ್ಥಳೀಯ ಬಳಗವಾಗಿರಿ, ಒಪ್ಪುತ್ತೇವೆ. ದೇಶವ್ಯಾಪಿ ಸಂಘಟನೆ ಬೇಡ ಎಂಬುದು ಅದರ ನಿಲುವು. ಹುಡುಗರು ಮಣಿಯಲಿಲ್ಲ. ಕೊನೆಗೆ ವಿಶ್ವವಿದ್ಯಾಲಯವೇ ಸಡಿಲಾಯಿತು, 1914ರ ಅಕ್ಟೋಬರಿನಲ್ಲಿ ಸಂಘದ ನೋಂದಣಿಯೂ ಆಯಿತು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1911ರಲ್ಲೇ ಹುಟ್ಟಿದ ‘ಕಪ್ಪಾ ಆಲ್ಫಾ ಸೈ’ ಬಳಗದವರ ಅನುಭವ ಇನ್ನೂ ಕಠಿಣ. ಆ ದೊಡ್ಡ ಕ್ಯಾಂಪಸ್ಸಿನಲ್ಲಿ ಒಬ್ಬ ಕಪ್ಪು ವಿದ್ಯಾರ್ಥಿ ಇನ್ನೊಬ್ಬನನ್ನು ವಾರಗಟ್ಟಲೆ ಕಾಣದೆ ಇರುವುದೂ ಇತ್ತು.

ಹೆಣ್ಣುಮಕ್ಕಳು ಹಿಂದೆ ಬೀಳಲಿಲ್ಲ. ಹೋವರ್ಡ್‌ನಲ್ಲಿ 1908ರ ಜನವರಿಯಲ್ಲಿ ‘ಆಲ್ಫಾ ಕಪ್ಪಾ ಆಲ್ಫಾ’, 1913ರ ಜನವರಿಯಲ್ಲಿ 22 ವಿದ್ಯಾರ್ಥಿನಿಯರ ‘ಡೆಲ್ಟಾ ಸಿಗ್ಮಾ ಥೀಟಾ’ ಹುಟ್ಟಿದವು. ಬಳಗ ಕಟ್ಟಿ ಎರಡು ತಿಂಗಳು ತುಂಬುವ ಮೊದಲೇ, ಮಾರ್ಚ್ 3ರಂದು, ಡೆಲ್ಟಾದವರು ಮಹಿಳೆಯರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನ ಬೀದಿಗಿಳಿದರು. 1930ರಲ್ಲಿ ಹೋವರ್ಡ್‌ನಲ್ಲೇ ಇಂಥ ಬಳಗಗಳ ರಾಷ್ಟ್ರೀಯ ಮಂಡಳಿ ರೂಪುಗೊಂಡಿತು. ಇಂದು ಅದರಲ್ಲಿ ಒಂಬತ್ತು ಬಳಗಗಳಿವೆ, ಜನ ಅವನ್ನು ‘ಡಿವೈನ್ ನೈನ್’ ಎನ್ನುತ್ತಾರೆ. ಕಮಲಾ ಹ್ಯಾರಿಸ್ ಆಲ್ಫಾ ಕಪ್ಪಾ ಆಲ್ಫಾದವರು.

ತಮ್ಮವರಿಗೆಂದು ಕಟ್ಟಿದ ಮನೆ ಇನ್ನೊಬ್ಬರಿಗೆ ಬಾಗಿಲು ಹಾಕುವುದೂ ಉಂಟು. ಕರ್ಮವೀರ ಭಾವೂರಾವ್ ಪಾಟೀಲರ ಜೀವನಚರಿತ್ರೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದ ಆ ಹುಡುಗ ಮಿಸ್ ಕ್ಲಾರ್ಕ್ ಹಾಸ್ಟೆಲ್ಲಿನ ಸಮಾರಂಭಕ್ಕೆ ಹೋಗಿ ಬಂದ. ಅಸ್ಪೃಶ್ಯರ ನಡುವೆ ಕೂತು ಬಂದದ್ದಕ್ಕೆ ಸ್ನಾನ ಮಾಡಿ ಶುದ್ಧನಾಗಬೇಕೆಂದು ಬೋರ್ಡಿಂಗಿನವರು ಹೇಳಿದರು. ಆತ ಒಪ್ಪಲಿಲ್ಲ, ಬೋರ್ಡಿಂಗ್ ಬಿಡಬೇಕಾಯಿತು. ಅದೇ ಭಾವೂರಾವ್ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸೂರಿನಡಿ ಉಂಡು ಓದುವ ಹಾಸ್ಟೆಲ್ ತೆರೆದರು. ಅಲ್ಲಿನ ಮಕ್ಕಳ ಊಟಕ್ಕೆ ದುಡ್ಡಿಲ್ಲದಾಗ ಪತ್ನಿ ಲಕ್ಷ್ಮೀಬಾಯಿ ತಾಳಿಯನ್ನೇ ಬಿಚ್ಚಿ ಕೊಟ್ಟರು.

ಡಾ. ಅಂಬೇಡ್ಕರ್ ಅವರ ಲೆಕ್ಕಾಚಾರದಲ್ಲೂ ಹಾಸ್ಟೆಲ್‌ಗೆ ಮೊದಲ ಸ್ಥಾನ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದ ಅವರು 1925ರ ಜನವರಿಯಲ್ಲೇ ಸೊಲ್ಲಾಪುರದಲ್ಲಿ ಹಾಸ್ಟೆಲ್ ತೆರೆಯಿಸಿದರು. 1928ರಲ್ಲಿ ದಲಿತ ವರ್ಗಗಳ ಶಿಕ್ಷಣಕ್ಕೆಂದೇ ಪ್ರತ್ಯೇಕ ಸಂಸ್ಥೆ ಕಟ್ಟಿದರು, ಅದರ ಹಾಸ್ಟೆಲ್ಲುಗಳಲ್ಲಿ ಧಾರವಾಡದ್ದೂ ಒಂದು. ಫೀ ಮನ್ನಾ ಮಾಡಿದರಷ್ಟೇ ಸಾಲದು, ಓದುವ ಹುಡುಗನಿಗೆ ಅವಮಾನವಿಲ್ಲದ ಜಾಗ ಬೇಕು ಎಂಬುದನ್ನು ಅವರು ತಮ್ಮ ವಿದ್ಯಾರ್ಥಿ ದೆಸೆಯಲ್ಲೇ ಉಂಡು ತಿಳಿದಿದ್ದರು.

ಸ್ವಾತಂತ್ರ್ಯಾನಂತರ ಮಠ-ಸಂಘಗಳ ಹೊಣೆಯ ದೊಡ್ಡ ಪಾಲು ಸರ್ಕಾರಕ್ಕೆ ಬಂತು. ದೇವರಾಜ ಅರಸು ಕಾಲದಲ್ಲಿ ಹಾವನೂರ ಆಯೋಗದ ವರದಿಯ ನಂತರ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯಾಯಿತು, ಬಿಸಿಎಂ ಹಾಸ್ಟೆಲ್ ಎಂಬ ಹೆಸರು ತಾಲೂಕು ಕೇಂದ್ರಗಳ ದಿನನಿತ್ಯದ ಮಾತಾಯಿತು. ಸೀಟು ಸಿಗದವರು ಇಬ್ಬರು ಮೂವರು ಸೇರಿ ಖೋಲಿ ಹಿಡಿಯುತ್ತಾರೆ. ಬೆಳಗಿನ ಬಸ್ಸಿಗೆ ಹಳ್ಳಿಯಿಂದ ಬುತ್ತಿ ಬರುತ್ತದೆ: ಹಳೆಯ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಚಟ್ನಿಪುಡಿ, ಮೇಲೆ ಹುಡುಗನ ಹೆಸರಿನ ಚೀಟಿ. ಕಂಡಕ್ಟರ್ ಇಳಿಸಿಕೊಟ್ಟದ್ದನ್ನು ಸ್ಟ್ಯಾಂಡಿನಿಂದ ತಂದರೆ ಖೋಲಿಯ ಎಲ್ಲರ ಮಧ್ಯಾಹ್ನ ಸಾಗಿತು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಂದ, ಮುಧೋಳದ ಕಬ್ಬಿನ ಹೊಲಗಳಿಂದ, ಆಲಮಟ್ಟಿ ಹಿನ್ನೀರಿಗೆ ನೆಲ ಕೊಟ್ಟ ಬೀಳಗಿ ಸೀಮೆಯ ಹಳ್ಳಿಗಳಿಂದ ಮೊದಲ ತಲೆಮಾರಿನ ಪದವೀಧರರು ಹೀಗೆಯೇ ಬಂದರು.

ಸೂರಿನ ಪ್ರಶ್ನೆ ಒಂದು ಮಟ್ಟಿಗೆ ಇತ್ಯರ್ಥವಾದರೂ ಸಂಘದ ಪ್ರಶ್ನೆ ಉಳಿದೇ ಇದೆ. ಕರ್ನಾಟಕದಲ್ಲಿ 1989ರಿಂದ ಕಾಲೇಜು ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತಿದೆ. ದೇಶದ ದೊಡ್ಡ ಸಂಸ್ಥೆಗಳಲ್ಲಿ ತುಳಿತಕ್ಕೊಳಗಾದ ಸಮುದಾಯಗಳ ವಿದ್ಯಾರ್ಥಿಗಳು ಕಟ್ಟಿಕೊಂಡ ಬಳಗಗಳು ಮಾನ್ಯತೆಗಾಗಿ ಹೆಣಗಿವೆ. ಮದ್ರಾಸ್ ಐಐಟಿಯಲ್ಲಿ 2014ರ ಏಪ್ರಿಲ್ 14ರಂದು ಆರಂಭವಾದ ಅಂಬೇಡ್ಕರ್-ಪೆರಿಯಾರ್ ಅಧ್ಯಯನ ವೃತ್ತದ ಮೇಲೆ ಹೆಸರಿಲ್ಲದ ದೂರೊಂದು ಹೋಯಿತು. ನಿಯಮ ಮೀರಿದ ಕಾರಣ ಕೊಟ್ಟು 2015ರ ಮೇ ತಿಂಗಳಲ್ಲಿ ಸಂಸ್ಥೆ ಅದರ ಮಾನ್ಯತೆ ರದ್ದುಮಾಡಿತು. ದೇಶದಾದ್ಯಂತ ಪ್ರತಿಭಟನೆ ಎದ್ದಿತು. ಮಾತುಕತೆಯ ನಂತರ ಜೂನ್ 7ರಂದು ಮಾನ್ಯತೆ ಮರಳಿತು. ಸಂಘವೊಂದರ ಅಳಿವು ಉಳಿವು ಕೈಪಿಡಿಯ ಒಂದು ಕಲಮನ್ನು ಯಾರು, ಹೇಗೆ ಓದುತ್ತಾರೆ ಎಂಬುದರ ಮೇಲೆ ನಿಂತದ್ದನ್ನು ಎಲ್ಲರೂ ಕಂಡರು.

ಹಾಗೆಂದು ನಿಯಮಗಳೇ ಬೇಡ ಎನ್ನುವಂತಿಲ್ಲ. ಅಮೆರಿಕದ ಬಳಗಗಳಲ್ಲಿ ಹೊಸಬರನ್ನು ‘ಪರೀಕ್ಷಿಸುವ’ ನೆವದಲ್ಲಿ ಹೊಡೆತ ಬಡಿತ ನಡೆದು ಪ್ರಾಣಗಳು ಹೋಗಿವೆ. ಡಿವೈನ್ ನೈನ್ ಮಂಡಳಿಯೇ 1990ರಲ್ಲಿ ಆ ಹಳೆಯ ಪದ್ಧತಿಯನ್ನು ನಿಷೇಧಿಸಿತು, 2024ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಇಂಥ ಘಟನೆಗಳ ವರದಿಯನ್ನು ವಿಶ್ವವಿದ್ಯಾಲಯಗಳು ಬಹಿರಂಗಪಡಿಸಲೇಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ ಕರ್ನಾಟಕ ಶಿಕ್ಷಣ ಕಾಯ್ದೆ ರ್ಯಾಗಿಂಗನ್ನು ಅಪರಾಧವೆಂದಿದೆ. ರಾಘವನ್ ಸಮಿತಿಯ ವರದಿಯ ನಂತರ ಯುಜಿಸಿ 2009ರಲ್ಲಿ ತಂದ ನಿಯಮಾವಳಿ ವಿದ್ಯಾರ್ಥಿಯಿಂದಲೂ ಪೋಷಕರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳುತ್ತದೆ, ಖಾಸಗಿ ಹಾಸ್ಟೆಲ್ಲುಗಳನ್ನೂ ಬಿಟ್ಟಿಲ್ಲ. 2012ರ ಯುಜಿಸಿ ನಿಯಮಗಳು ಜಾತಿ ತಾರತಮ್ಯ ತಡೆಯಲು ಸಮಾನ ಅವಕಾಶ ಕೋಶ ಇರಬೇಕೆಂದವು. ಇವು ಎಷ್ಟೋ ತಾಯಂದಿರ ಕಣ್ಣೀರಿನಿಂದ ಬಂದ ನಿಯಮಗಳು, ಸಡಿಲಿಸುವಂಥವಲ್ಲ.

ತೊಡಕಿರುವುದು ಸಂಖ್ಯೆ ಮತ್ತು ಗಡಿಯ ನಿಯಮಗಳಲ್ಲಿ. ಇಂತಿಷ್ಟು ಸದಸ್ಯರಿರಬೇಕು, ಎಲ್ಲರೂ ಒಂದೇ ಸಂಸ್ಥೆಯವರಾಗಿರಬೇಕು ಎಂಬ ಕರಾರು ಅಮೆರಿಕದಲ್ಲಿ ಸಾವಿರಾರು ಬಿಳಿಯ ವಿದ್ಯಾರ್ಥಿಗಳಿರುವ ಕ್ಯಾಂಪಸ್ಸಿನ ದೊಡ್ಡ ಬಳಗಕ್ಕೆ ಏನೂ ಅಲ್ಲ. ಆದರೆ ಒಂದು ಕಾಲೇಜಿನಲ್ಲಿ ನಾಲ್ಕೈದೇ ಸದಸ್ಯರಿರುವ ಬಳಗ ಅಷ್ಟಕ್ಕೇ ಮುಗಿದುಹೋಗುತ್ತದೆ. ಅದಕ್ಕೇ ಡಿವೈನ್ ನೈನ್ ಬಳಗಗಳು ನಗರವ್ಯಾಪಿ ಶಾಖೆಗಳನ್ನು ಕಟ್ಟಿದವು: ಒಂದು ಊರಿನ ಹಲವು ಕಾಲೇಜುಗಳವರಿಗೆ ಒಂದೇ ಶಾಖೆ. ಮಾರ್ಟಿನ್ ಲೂಥರ್ ಕಿಂಗ್ ಬಾಸ್ಟನ್ನಿನಲ್ಲಿ ಸಂಶೋಧನೆ ಮಾಡುವಾಗ 1952ರಲ್ಲಿ ಆಲ್ಫಾ ಬಳಗಕ್ಕೆ ಸೇರಿದ್ದು ಇಂಥ ಶಾಖೆಯ ಮೂಲಕ. ಇಂಥ ಶಾಖೆಗಳಿಗೂ ಒಂದೇ ಕ್ಯಾಂಪಸ್ಸನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮಗಳಿಗೂ ಸುಲಭದ ಹೊಂದಾಣಿಕೆಯಿಲ್ಲ.

ಜಮಖಂಡಿಯ ಮಟ್ಟಿಗೆ ಇದು ದೂರದ ಸಂಗತಿಯಲ್ಲ. ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ 2023ರಲ್ಲಿ ಆರಂಭವಾದ ಬಾಗಲಕೋಟೆ ವಿಶ್ವವಿದ್ಯಾಲಯಕ್ಕೆ ದಾಟಿವೆ. ಅದರ ಕೇಂದ್ರ ಇರುವುದೇ ಜಮಖಂಡಿಯಲ್ಲಿ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಬಂದಾಗ ಈ ಹೆಸರೂ ಪಟ್ಟಿಯಲ್ಲಿತ್ತು. ಮಾನ್ಯತೆ ಕೊಡುವ ಸಂಸ್ಥೆಗೇ ತನ್ನ ಅಸ್ತಿತ್ವದ ಚಿಂತೆ ಎದುರಾಯಿತು.

ವಿಶ್ವವಿದ್ಯಾಲಯ ಉಳಿದು ಬೆಳೆಯಬೇಕು, ಅದರ ಜೊತೆಗೆ ಈ ನೆಲದ ಬೋರ್ಡಿಂಗ್ ಪರಂಪರೆಯಿಂದ ಒಂದು ನಿಯಮವನ್ನಾದರೂ ಎತ್ತಿಕೊಳ್ಳಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಾಲೇಜುಗಳಲ್ಲಿ ಚದುರಿಹೋಗಿರುವ ದಲಿತ, ಅಲೆಮಾರಿ, ನೇಕಾರ ಕುಟುಂಬಗಳ ಮೊದಲ ತಲೆಮಾರಿನ ವಿದ್ಯಾರ್ಥಿಗಳು, ಅದರಲ್ಲೂ ಹುಡುಗಿಯರು, ಕಾಲೇಜಿನ ಗಡಿ ದಾಟಿ ಒಂದೇ ಬಳಗ ಕಟ್ಟಿಕೊಳ್ಳಲು ಅವಕಾಶವಿರಲಿ. ಹೊಣೆ ಹೊರುವ ಒಬ್ಬ ಅಧ್ಯಾಪಕ, ಸದಸ್ಯರ ಪಟ್ಟಿ, ವರ್ಷಕ್ಕೊಮ್ಮೆ ಲೆಕ್ಕಪತ್ರ, ರ್ಯಾಗಿಂಗ್ ಮಾಡುವುದಿಲ್ಲವೆಂಬ ಮುಚ್ಚಳಿಕೆ, ಜಾತಿ ಕೇಳಿ ಯಾರನ್ನೂ ಹೊರಗಿಡುವುದಿಲ್ಲವೆಂಬ ಒಪ್ಪಿಗೆ, ಇಷ್ಟಿದ್ದರೆ ಮಾನ್ಯತೆ ಸಿಗಲಿ. ಸಂಜೆ ಸಭೆ ಸೇರಲು ಹತ್ತಿರದ ಕಾಲೇಜಿನ ಒಂದು ಕೋಣೆ ಕೊಡಲಿ, ಬೀಳಗಿಯ ವಿದ್ಯಾರ್ಥಿನಿ ಕೊನೆಯ ಬಸ್ಸು ತಪ್ಪದಂತೆ ಸಭೆಯ ಹೊತ್ತನ್ನು ಗೊತ್ತು ಮಾಡಲಿ.