ಮೂರೂವರೆ ಲಕ್ಷದ ಗಾಜು, ನಮ್ಮ ಕೆರೆಯ ಬಿಸಿಲು

ಮೈಸೂರು ಸೀಮೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಅಪರೂಪಕ್ಕೆ ಕೆಲವು ಕೊರಳಿಗೆ ಪಟ್ಟಿ ತೊಟ್ಟು ಬಂದಿರುತ್ತವೆ. ಮಂಗೋಲಿಯಾದ ಪಕ್ಷಿವಿಜ್ಞಾನಿಗಳು ತೊಡಿಸಿದ ಪಟ್ಟಿ ಅದು. ಅದರ ಮೇಲಿನ ಗುರುತನ್ನು ಓದಿ ತಿಳಿಸಿದರೆ ಹಿಮಾಲಯ ದಾಟಿ ಬಂದ ಒಂದು ಹಕ್ಕಿಯ ಪಯಣ ದಾಖಲೆಗೆ ಸೇರುತ್ತದೆ. ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್‌ಗೆ ಆಚೆ ದಡದ ಹಕ್ಕಿಯ ಪಟ್ಟಿ ಕಂಡೀತು, ಅಕ್ಷರ ಕಾಣುವುದಿಲ್ಲ. ಅಘನಾಶಿನಿ ಅಳಿವೆಯ ಕೆಸರಿನಲ್ಲಿ ಮೇಯುವ ಉಲ್ಲಂಕಿಗಳ ಕತೆಯೂ ಹೀಗೆಯೇ. ಅಂಗೈಯಗಲದ ಹಕ್ಕಿ, ನೂರಾರು ಮೀಟರ್ ದೂರ, ಎಲ್ಲವೂ ಒಂದೇ ಬೂದುಬಣ್ಣ. ಅಲ್ಲಿ ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಿನಲ್ಲಿ ನೋಡುವ ದೂರದರ್ಶಕ, ಅಂದರೆ ಸ್ಪಾಟಿಂಗ್ ಸ್ಕೋಪ್ ಇಲ್ಲದೆ ಕೆಲಸ ನಡೆಯುವುದಿಲ್ಲ.

ಬೆಲೆ ಕೇಳಿದ ಮೇಲೆ ಹೆಚ್ಚಿನವರ ಮಾತು ನಿಂತುಹೋಗುತ್ತದೆ. ಆಸ್ಟ್ರಿಯಾದ ಸ್ವರೋವ್‌ಸ್ಕಿ ಆಪ್ಟಿಕ್ ಕಂಪನಿಯ 95 ಮಿಲಿಮೀಟರ್ ಮಸೂರದ ಸ್ಕೋಪ್ ಅಮೆರಿಕದಲ್ಲಿ 4,000 ಡಾಲರ್ ದಾಟುತ್ತದೆ. ರೂಪಾಯಿಯಲ್ಲಿ ಮೂರೂವರೆ ಲಕ್ಷದ ಆಸುಪಾಸು. ಆಮದು ಸುಂಕ, ತೆರಿಗೆ ಆಮೇಲೆ. ಎರಡು ಕಿಲೋ ಮೀರಿದ ಈ ಉಪಕರಣ ಅಲುಗದೆ ನಿಲ್ಲಲು ಬೇಕಾದ ಗಟ್ಟಿ ಟ್ರೈಪಾಡ್‌ನ ಖರ್ಚು ಬೇರೆ. ಜರ್ಮನಿಯ ಜೈಸ್, ಲೈಕಾ, ಜಪಾನಿನ ಕೋವಾ ಕಂಪನಿಗಳ ಮೇಲ್ದರ್ಜೆಯ ಸ್ಕೋಪ್‌ಗಳೂ ಕೈಗೆಟಕುವಂಥವಲ್ಲ.

ಇದನ್ನು ಬರೀ ಹೆಸರಿಗೆ ತೆರುವ ಬೆಲೆ ಎನ್ನುವುದು ಸುಲಭ. ಆದರೆ ಅದು ನಿಜವಲ್ಲ. ಸಾಮಾನ್ಯ ಗಾಜು ಬೆಳಕಿನ ಬಣ್ಣಗಳನ್ನೆಲ್ಲ ಒಂದೇ ಬಿಂದುವಿಗೆ ತರುವುದಿಲ್ಲ. ಕೆಂಪು ಒಂದೆಡೆ ಕೂಡಿದರೆ ನೀಲಿ ಇನ್ನೊಂದೆಡೆ ಕೂಡುತ್ತದೆ. ಬೆಳ್ಳಕ್ಕಿಯ ಅಂಚಿಗೆ ನೇರಳೆ ಗೆರೆ ಮೂಡುವುದು ಇದರಿಂದಲೇ. ಹಿಗ್ಗಿಸಿದಷ್ಟೂ ಆ ದೋಷವೂ ಹಿಗ್ಗುತ್ತದೆ. ಜೈಸ್‌ನ ಅರ್ನ್ಸ್ಟ್ ಅಬೆ 1886ರಲ್ಲಿ ಸೂಕ್ಷ್ಮದರ್ಶಕಗಳಿಗಾಗಿ ಇದಕ್ಕೆ ಕಂಡುಕೊಂಡ ಪರಿಹಾರ ಫ್ಲೋರೈಟ್ ಎಂಬ ಖನಿಜ. ನಿಸರ್ಗದಲ್ಲಿ ದೋಷವಿಲ್ಲದ ದೊಡ್ಡ ಹರಳು ಸಿಗುವುದು ದುರ್ಲಭ. ಹಾಗಾಗಿ ಅದು ಬಹುಕಾಲ ಸೂಕ್ಷ್ಮದರ್ಶಕದ ಪುಟ್ಟ ಮಸೂರಗಳಿಗೇ ಸೀಮಿತವಾಗಿತ್ತು. ಕುಲುಮೆಯಲ್ಲಿ ಕರಗಿಸಿ, ಬಹಳ ನಿಧಾನವಾಗಿ ತಣಿಸಿ ಹರಳನ್ನು ಬೆಳೆಸುವ ವಿದ್ಯೆ ಕೈಗೂಡಿದ ಮೇಲೆ, 1969ರಲ್ಲಿ ಕ್ಯಾನನ್ ಅದನ್ನು ಕ್ಯಾಮೆರಾ ಲೆನ್ಸ್‌ಗೆ ತಂದಿತು. ಕೋವಾದ 88 ಮಿಲಿಮೀಟರ್ ಸ್ಕೋಪ್‌ನಲ್ಲಿ ಇಂದು ಇರುವುದು ಇಂಥ ಹರಳೇ. ಅದು ಮೆದು, ಬಿಸಿ ತಣ್ಣನೆಯ ಏರುಪೇರಿಗೆ ಬಿರುಕು ಬಿಡಬಲ್ಲದು. ಉಜ್ಜಿ ನಯಗೊಳಿಸಲು ಪಳಗಿದ ಕೈ ಬೇಕು. ಉಳಿದವರು ಬಹುಪಾಲು ಇದರ ಗುಣಕ್ಕೆ ಹತ್ತಿರ ಬರುವ ಇಡಿ (ED) ಗಾಜನ್ನು ಬಳಸುತ್ತಾರೆ. ಅದೂ ಅಗ್ಗವಲ್ಲ.

ಲೇಪನದ್ದು ಇನ್ನೊಂದು ಲೆಕ್ಕ. ಬರಿಯ ಗಾಜಿನ ಪ್ರತಿ ಮೈಯೂ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಇಪ್ಪತ್ತು ಮೈ ದಾಟುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ಕಳೆದಿರುತ್ತದೆ. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ರೂಪಿಸಿದ ತೆಳು ಲೇಪನ ಈ ನಷ್ಟವನ್ನು ತಗ್ಗಿಸಿತು. ಇಂದು ಪ್ರತಿ ಮಸೂರಕ್ಕೂ ನಿರ್ವಾತದಲ್ಲಿ ಪದರದ ಮೇಲೆ ಪದರ ಹಚ್ಚುತ್ತಾರೆ. ಇದಕ್ಕೆಲ್ಲ ಕೊಡುವ ದುಡ್ಡು ನ್ಯಾಯವಾದದ್ದೇ.

ಆದರೆ ಆ ನ್ಯಾಯ ಯಾವ ಬೆಳಕಿಗಾಗಿ? ಡಿಸೆಂಬರ್‌ನ ಬ್ರಿಟನ್ನಿನ ಕಡಲತೀರದಲ್ಲಿ ಮಧ್ಯಾಹ್ನ ಮೂರೂವರೆಗೇ ಮಬ್ಬು. ಅಲ್ಲಿ ದೊಡ್ಡ ಮಸೂರ ಹಿಡಿದು ತರುವ ಪ್ರತಿ ಕಿರಣಕ್ಕೂ ಬೆಲೆಯಿದೆ. ನಮ್ಮಲ್ಲಿ ಬೆಳಗಿನ ಎಂಟಕ್ಕೇ ಬಿಸಿಲು ಕಣ್ಣು ಕುಕ್ಕುತ್ತದೆ. ಪ್ರಖರ ಬೆಳಕಿನಲ್ಲಿ ಕಣ್ಣಿನ ಪಾಪೆ ಎರಡರಿಂದ ಮೂರು ಮಿಲಿಮೀಟರ್‌ಗೆ ಕಿರಿದಾಗಿರುತ್ತದೆ. 95 ಮಿಲಿಮೀಟರ್ ಮಸೂರವನ್ನು 30 ಪಟ್ಟಿಗೆ ಇಟ್ಟರೆ ಹೊರಬರುವ ಬೆಳಕಿನ ಕಂಬ 3.2 ಮಿಲಿಮೀಟರ್ ಅಗಲ, ಅಂದರೆ ಅಂಚಿನ ಬೆಳಕು ಪಾಪೆಯೊಳಗೆ ಹೋಗುವುದೇ ಇಲ್ಲ. 65 ಮಿಲಿಮೀಟರ್‌ನದು ಅದೇ 30 ಪಟ್ಟಿನಲ್ಲಿ 2.2 ಮಿಲಿಮೀಟರ್ ಕೊಡುತ್ತದೆ. ಹಗಲಿಗೆ ಅಷ್ಟು ಸಾಕು. ಹಾಗಾದರೆ 60, 70 ಪಟ್ಟಿಗೆ ಏರಿಸಬಹುದಲ್ಲ ಎನ್ನಬಹುದು. ಹತ್ತು ಗಂಟೆಯಾಗಲಿ, ಕೆರೆಯ ಮೇಲಿನ ಬಿಸಿಗಾಳಿ ಹಕ್ಕಿಯನ್ನು ಕುದಿಯುವ ನೀರಿನ ತಳದ ಕಾಸಿನಂತೆ ನಡುಗಿಸುತ್ತದೆ. ಆ ನಡುಕವನ್ನು ಯಾವ ಕಂಪನಿಯ ಗಾಜೂ ತೆಗೆಯಲಾರದು. ಕರ್ನಾಟಕದ ಕೆರೆ ದಡಕ್ಕೆ ಒಂದು ಲಕ್ಷದೊಳಗಿನ 65 ಮಿಲಿಮೀಟರ್ ಇಡಿ ಗಾಜಿನ ಸ್ಕೋಪ್ ಸಾಕು ಎಂದು ನಾನು ಖಚಿತವಾಗಿ ಹೇಳುತ್ತೇನೆ. ಮುಂಜಾವಿನ, ಮುಸ್ಸಂಜೆಯ ಅರ್ಧರ್ಧ ಗಂಟೆಯಲ್ಲಿ ದೊಡ್ಡ ಮಸೂರ ಗೆಲ್ಲುತ್ತದೆ, ಹೌದು. ಆ ಒಂದು ಗಂಟೆಗೆ ಎರಡೂವರೆ ಲಕ್ಷ ಹೆಚ್ಚು ಕೊಡುವುದು ಉಳ್ಳವರ ಇಷ್ಟ.

ದುಡ್ಡೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ನಮ್ಮ ಕೆರೆಗಳ ದಡದಲ್ಲಿ ಹತ್ತು ಲಕ್ಷ ದಾಟುವ 600 ಮಿಲಿಮೀಟರ್ ಕ್ಯಾಮೆರಾ ಲೆನ್ಸ್‌ಗಳು ಸಾಲಾಗಿ ನಿಲ್ಲುತ್ತವೆ, ಸ್ಕೋಪ್ ಮಾತ್ರ ಕಾಣಸಿಗುವುದಿಲ್ಲ. ಒಳ್ಳೆಯ ಫೋಟೊ ದಾಖಲೆಯಾಗುತ್ತದೆ, ಅದಕ್ಕೆ ನನ್ನ ಗೌರವವಿದೆ. ಆದರೆ ಕ್ಯಾಮೆರಾದ ಹಿಂದೆ ಒಬ್ಬರಿಗೇ ಜಾಗ. ಸ್ಕೋಪ್‌ನ ಹಿಂದೆ ಶಾಲೆಯ ಮಕ್ಕಳೆಲ್ಲ ಸಾಲುಗಟ್ಟಿ, ಒಬ್ಬೊಬ್ಬರಾಗಿ ಬಗ್ಗಿ ಅದೇ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳನ್ನು ಕಾಣಬಹುದು. ಕೊಕ್ಕರೆ ಹಿಂಡನ್ನು ಎಣಿಸುವವರು ಅರ್ಧ ಗಂಟೆ ಕಣ್ಣು ಕದಲಿಸದೆ ಎಣಿಸಬಹುದು. ಒಂದು ಸ್ಕೋಪ್ ಇಪ್ಪತ್ತು ವರ್ಷ ಬಾಳುತ್ತದೆ. ಒಳಗೆ ನೈಟ್ರೋಜನ್ ತುಂಬಿ ಬಿಗಿಮಾಡಿರುವ ಒಳ್ಳೆಯ ಸ್ಕೋಪ್‌ಗೆ ಮಳೆಗಾಲವೂ ಏನೂ ಮಾಡದು. ಹಾಗಾಗಿ ಇದನ್ನು ಒಬ್ಬರ ಜೇಬಿನಿಂದ ಅಳೆಯುವುದೇ ತಪ್ಪು.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಮೂರೂ ಜಾಗತಿಕ ಮಹತ್ವದ ಜೌಗು ತಾಣಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅಂಥ ತಾಣಗಳಲ್ಲಿ ಕಾವಲುಗಾರರ ಕೈಗೆ ಒಂದು ಸ್ಕೋಪ್, ಒಂದು ಟ್ರೈಪಾಡ್ ಕೊಡುವುದು ಸರ್ಕಾರಕ್ಕೆ ಹೊರೆಯಲ್ಲ. ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳೂ ಪಕ್ಷಿಪ್ರಿಯರ ಸಂಘಗಳೂ ಚಂದಾ ಕೂಡಿಸಿಯಾದರೂ ಇದನ್ನು ಕೊಳ್ಳಬಹುದು. ಕೊಳ್ಳುವಾಗ ಅಂಗಡಿಯೊಳಗೆ ನೋಡಿ ಮುಗಿಸಬೇಡಿ. ಹೊರಗೆ ತನ್ನಿ, ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಯ ಅಂಚಿಗೆ ನೇರಳೆ ಗೆರೆ ಇದೆಯೇ ನೋಡಿ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದು ಬಂದಿದೆ. ಮುಂದಿನ ಗಣತಿಗೆ ಮುನ್ನ ನಿಮ್ಮೂರ ಕೆರೆಗೆ ಒಂದು ಸ್ಕೋಪ್ ತರಿಸಿ.