ಪಾಯಿಂಟ್ ಮೂವತ್ತೆಂಟರ ಪೂರ್ವಾಪರ

ಭಾಷಾಶಾಸ್ತ್ರದ ತರಗತಿಯಲ್ಲಿ ‘ಎಣ್ಣೆ’ ಎಂಬ ಶಬ್ದವನ್ನು ಬಿಡಿಸಿ ತೋರಿಸುವಾಗ ವಿದ್ಯಾರ್ಥಿಗಳ ಮುಖದಲ್ಲಿ ಪ್ರತಿವರ್ಷವೂ ಒಂದು ಮುಗುಳುನಗೆ ಸುಳಿಯುವುದುಂಟು. ಎಳ್ಳಿನ ನೆಯ್ ಮೊದಲು ಎಣ್ಣೆಯಾಯಿತು. ಆಮೇಲೆ ಕೊಬ್ಬರಿಯದೂ ಎಣ್ಣೆ, ಹರಳಿನದೂ ಎಣ್ಣೆ. ಕಡೆಗೆ ಎಳ್ಳಿನ ಸೋಂಕೇ ಇಲ್ಲದ ಸೀಮೆಯೆಣ್ಣೆಯೂ ಎಣ್ಣೆಯೇ. ವಸ್ತು ಬದಲಾಯಿತು, ಹೆಸರು ನಿಂತಿತು. ಶಬ್ದಗಳಿಗೆ ಒದಗುವ ಈ ಗತಿ ಅಂಕಿಗಳಿಗೂ ಒದಗಬಲ್ಲುದೆ? ಅಂಕಿಯೆಂದರೆ ಅಳತೆ, ಅಳತೆಗೆ ಅರ್ಥಪಲ್ಲಟವೆಲ್ಲಿಯದು ಎಂದು ನಾನೂ ನಂಬಿದ್ದವನೇ. ಆ ನಂಬಿಕೆಯನ್ನು ಕೆಡಿಸಿದ್ದು ಒಂದು ರಿವಾಲ್ವರು. (ಕನ್ನಡದ ಮೇಷ್ಟರಿಗೆ ರಿವಾಲ್ವರಿನ ಗೊಡವೆಯೇಕೆಂದು ವಾಚಕರು ಗಾಬರಿಯಾಗಬೇಕಿಲ್ಲ, ಕಂಡದ್ದು ಪುಸ್ತಕದಲ್ಲಿ.)

ಪತ್ತೇದಾರಿ ಕಾದಂಬರಿಗಳನ್ನು ಕದ್ದು ಓದಿದವರಿಗೆಲ್ಲ ‘ಪಾಯಿಂಟ್ ಮೂವತ್ತೆಂಟು’ ರಿವಾಲ್ವರಿನ ಪರಿಚಯವಿದ್ದೇ ಇರುತ್ತದೆ. ಅದರ ಗುಂಡಿನ ಅಡ್ಡಳತೆ ಅಂಗುಲವನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂವತ್ತೆಂಟು ಪಾಲು ಎಂದೇ ಯಾರಾದರೂ ತಿಳಿದಾರು. ಅಳೆದು ನೋಡಿದರೆ ಆ ಗುಂಡು 0.357 ಅಂಗುಲ ಮಾತ್ರ. ಹಾಗಾದರೆ ಈ ಮೂವತ್ತೆಂಟು ಬಂದದ್ದೆಲ್ಲಿಂದ?

ಅದಕ್ಕೆ ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟನ ಕಾರ್ಖಾನೆಗೆ ಹೋಗಬೇಕು. ಅಲ್ಲಿ 1851ರಲ್ಲಿ ಹೊರಬಂದ ‘ನೇವಿ’ ರಿವಾಲ್ವರಿನ ನಳಿಗೆ 0.36 ಅಂಗುಲದ್ದೆಂದು ಹೆಸರಾಯಿತು. ನಮ್ಮ ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಅದರ ಮರ್ಮ ಬೇಗ ತಿಳಿದೀತು. ತಿರುಗುವ ಉರುಳೆಯಲ್ಲಿ ಆರು ಗೂಡುಗಳು. ಪ್ರತಿಯೊಂದು ಗೂಡಿಗೂ ಮುಂದುಗಡೆಯಿಂದ ಮದ್ದು ಸುರಿದು, ಸೀಸದ ಗುಂಡನ್ನಿಟ್ಟು, ನಳಿಗೆಯ ಕೆಳಗಿನ ಸನ್ನೆಯಿಂದ ಒತ್ತಿ, ಹಿಂದುಗಡೆಯ ಮೊಲೆಗೆ ಕೇಪು ತೊಡಿಸಬೇಕು. ಗೂಡಿನ ಹಿಂಬದಿ ಮುಚ್ಚಿಯೇ ಇರುತ್ತಿತ್ತು. ಮಳೆ ಬಂದರೆ ಮದ್ದು ತೇವ, ಅವಸರ ಬಂದರೆ ಕೈ ನಡುಕ. ಇಷ್ಟರಲ್ಲಿ ಗುಂಡು, ಮದ್ದು, ಕಿಡಿ ಮೂರನ್ನೂ ಒಂದೇ ಲೋಹದ ಕೊಳವೆಯಲ್ಲಿ ಅಡಕಿದ ತೋಟಾ ಬಂದಿತು. ತೋಟಾ ತುಂಬಲು ಗೂಡು ಹಿಂದಿನಿಂದ ಮುಂದಿನವರೆಗೆ ಆರಪಾರ ಕೊರೆದಿರಬೇಕು. ಆ ಆರಪಾರದ ತೂತಿನ ಮೇಲೆ ರೋಲಿನ್ ವೈಟ್ ಎಂಬಾತನಿಗೆ 1855ರಲ್ಲಿಯೇ ಪೇಟೆಂಟು ದೊರೆತಿತ್ತು! ಆತ ಹಿಂದೆ ಕೋಲ್ಟನ ಕಾರ್ಖಾನೆಯಲ್ಲಿ ದುಡಿದವನು. ತನ್ನ ಹಕ್ಕನ್ನು ಬಳಸಿಕೊಳ್ಳುವ ಅವಕಾಶವನ್ನು ರಿವಾಲ್ವರೊಂದಕ್ಕೆ 25 ಸೆಂಟಿನಂತೆ ಸ್ಮಿತ್ ಮತ್ತು ವೆಸನ್ ಕಂಪನಿಗೆ ಕೊಟ್ಟ. ಪೇಟೆಂಟನ್ನು ಕೋರ್ಟಿನಲ್ಲಿ ಕಾಪಾಡುವ ಹೊರೆ ಮಾತ್ರ ಅವನದೇ. 1869ರಲ್ಲಿ ಅವಧಿ ತೀರಿದಾಗ ಪರಿಹಾರ ಕೋರಿ ಆತ ಕಾಂಗ್ರೆಸ್ಸಿನ ಮೊರೆಹೊಕ್ಕ; ಕಾಂಗ್ರೆಸ್ಸು ಒಪ್ಪಿತು, ಅಧ್ಯಕ್ಷ ಗ್ರಾಂಟ್ 1870ರಲ್ಲಿ ಒಪ್ಪಲಿಲ್ಲ. ಈ ಒಂದು ತೂತಿನ ಹಕ್ಕಿನಿಂದಾಗಿ ಅಂತರ್ಯುದ್ಧದಲ್ಲಿ ಸರಕಾರ ಪಟ್ಟ ಪಾಡನ್ನು ಸೇನೆಯ ಆಯುಧಾಧಿಕಾರಿ ಮರೆತಿರಲಿಲ್ಲ. ವೈಟನ ಮೇಲೆ ನನಗೆ ಕನಿಕರವೇ ಹೆಚ್ಚು.

ಬೀಗ ತೆರೆಯಿತು. ಆದರೆ ಜನರ ಸೊಂಟದಲ್ಲಿಯೂ ಕಾರ್ಖಾನೆಯ ಉಗ್ರಾಣದಲ್ಲಿಯೂ ಇದ್ದವು ಹಳೆಯ ರಿವಾಲ್ವರುಗಳೇ. ‘ನೇವಿ’ಯೊಂದೇ ಎರಡು ಲಕ್ಷದಷ್ಟು ತಯಾರಾಗಿತ್ತು. ಅವನ್ನು ಕರಗಿಸುವುದೆ? ಕಾರ್ಖಾನೆಯ ಚಾರ್ಲ್ಸ್ ರಿಚರ್ಡ್ಸ್ 1871ರಲ್ಲಿ ಪೇಟೆಂಟು ಪಡೆದ ವಿಧಾನ ನೋಡಿ: ಉರುಳೆಯ ಹಿಂಭಾಗವನ್ನು ಮೊಲೆಗಳ ಸಮೇತ ಕತ್ತರಿಸಿ ತೆಗೆದು, ಆ ತೆರಪಿಗೆ ಪುಟ್ಟ ಬಾಗಿಲುಳ್ಳ ಒಂದು ಬಳೆಯನ್ನು ಕೂರಿಸುವುದು, ಗುಂಡೊತ್ತುವ ಸನ್ನೆ ಇದ್ದೆಡೆ ಸುಟ್ಟ ತೋಟಾವನ್ನು ಹೊರದೂಡುವ ಕಡ್ಡಿಯನ್ನಿಡುವುದು. ಅದೇ ಹಿಡಿ, ಅದೇ ಕುದುರೆ. ಉಣ್ಣುವ ಕ್ರಮ ಮಾತ್ರ ಬೇರೆ. ವಿಲಿಯಂ ಮೇಸನ್ ಮುಂದೆ ಇದನ್ನು ಇನ್ನಷ್ಟು ಸರಳಗೊಳಿಸಿದ.

ಹೆಸರು ಹುಟ್ಟಿದ್ದು ಇಲ್ಲಿಯೇ. ‘ನೇವಿ’ಗೆ 0.36 ಎಂಬ ಹೆಸರಿದ್ದರೂ, ನಳಿಗೆಯೊಳಗಿನ ತಿರುಚುಗೆರೆಗಳ ಆಳವನ್ನೂ ಸೇರಿಸಿದರೆ ಅದರ ಅಗಲ 0.375 ಅಂಗುಲದಷ್ಟು. ಆ ನಳಿಗೆಯನ್ನು ಬದಲಿಸದೆ ತೋಟಾ ಹೊಂದಿಸಬೇಕಾದಾಗ, ಗುಂಡಿನ ಬುಡವನ್ನಷ್ಟೇ ಕಿರಿದುಮಾಡಿ ಕೊಳವೆಯೊಳಕ್ಕೆ ಸಿಕ್ಕಿಸಿ, ಅದರ ಮೈಯನ್ನು ಕೊಳವೆಯಷ್ಟೇ ದಪ್ಪವಾಗಿ ಹೊರಗೆ ಬಿಟ್ಟರು. ಆ ದಪ್ಪವನ್ನು 0.38 ಎಂದು ಕರೆದರು. ಆಗ ಅಂಕಿ ಹೆಚ್ಚುಕಡಮೆ ಸತ್ಯವನ್ನೇ ನುಡಿಯುತ್ತಿತ್ತು. ಆದರೆ ಗುಂಡಿಗೆ ಸವರಿದ ಜಿಡ್ಡು ಹೊರಗಿದ್ದು ಜೇಬಿನ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತಿತ್ತು. ಜಿಡ್ಡು ಒಳಗಿರಲೆಂದು ಗುಂಡಿನ ಮೈಯನ್ನೇ ಕೊಳವೆಯೊಳಕ್ಕೆ ಸೇರಿಸಿದರು. ಕೊಳವೆಯ ಎರಡು ಗೋಡೆಗಳ ದಪ್ಪದಷ್ಟು ಗುಂಡು ಸಣ್ಣದಾಗಿ 0.357ಕ್ಕೆ ಇಳಿಯಿತು. ಹಳೆಯ ನಳಿಗೆಗಳಿಗಾಗಿ ಅದರ ತಳವನ್ನು ಪೊಳ್ಳುಮಾಡಿ, ಮದ್ದಿನ ಒತ್ತಡಕ್ಕೆ ಹಿಗ್ಗುವಂತೆ ಉಪಾಯ ಮಾಡಿದರು. ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಎಳ್ಳು ಹೋಗಿ ಎಣ್ಣೆ ಉಳಿದಂತೆಯೇ ಸರಿ.

ಈ ತೋಟಾದ ರಿವಾಲ್ವರನ್ನೇ ಅಮೆರಿಕದ ಸೇನೆ 1892ರಲ್ಲಿ ಸ್ವೀಕರಿಸಿತು. ಫಿಲಿಪ್ಪೀನ್ಸಿನ ಕಾಳಗಗಳಲ್ಲಿ ಏಟು ತಿಂದವನೂ ಮುನ್ನುಗ್ಗಿ ಬರುತ್ತಾನೆಂಬ ದೂರು ಬಂದಿತು, ಸೇನೆ 0.45ರ ಕಡೆಗೆ ಮರಳಿ, 1911ರ ಪಿಸ್ತೂಲಿನಲ್ಲಿ ಅದನ್ನೇ ನೆಲೆಗೊಳಿಸಿತು. ದೋಷವನ್ನೆಲ್ಲ ಅಂಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮದ್ದಿನ ಬಲವೂ ಸಾಲದಾಗಿತ್ತು.

1935ರಲ್ಲಿ ಬಲವಾದ ಹೊಸ ತೋಟಾವೊಂದು ಬಂದಾಗ ಅದಕ್ಕೆ ‘ಪಾಯಿಂಟ್ ತ್ರೀ ಫೈವ್ ಸೆವೆನ್ ಮ್ಯಾಗ್ನಮ್’ ಎಂದು ನಿಜವಾದ ಅಳತೆಯನ್ನೇ ಹೆಸರಾಗಿಟ್ಟರು. ಗುಂಡಿನ ಅಡ್ಡಳತೆ ಮೂವತ್ತೆಂಟರದೇ ಆದ್ದರಿಂದ ಹೊಸ ರಿವಾಲ್ವರಿನಲ್ಲಿ ‘ಮೂವತ್ತೆಂಟು ಸ್ಪೆಷಲ್’ ತೋಟಾವನ್ನೂ ಹಾರಿಸಬಹುದು. ತಿರುವುಮುರುವು ಆಗಕೂಡದೆಂದು ಹೊಸ ಕೊಳವೆಯನ್ನು ಅಂಗುಲದ ಎಂಟನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಉದ್ದ ಮಾಡಿದರು. ಸ್ಪೆಷಲಿನ ಗೂಡಿನೊಳಗಿರುವ ಮೆಟ್ಟಿಲು ಅದನ್ನು ತಡೆಯುತ್ತದೆ. ಆದರೆ 1892ರ ಆ ಸೇನಾ ರಿವಾಲ್ವರುಗಳ ಹಲವು ಗೂಡುಗಳಿಗೆ ಮೆಟ್ಟಿಲೇ ಇಲ್ಲ. ದಪ್ಪ ಗುಂಡಿನ ಕಾಲದ ರೂಢಿಯಂತೆ ಆರಪಾರ ಒಂದೇ ಅಗಲಕ್ಕೆ ಕೊರೆದವು. ಹಲವು ಪಟ್ಟು ಒತ್ತಡದ ಮ್ಯಾಗ್ನಮ್ ತೋಟಾ ಅವುಗಳೊಳಕ್ಕೆ ತಡೆಯಿಲ್ಲದೆ ಜಾರಿ ಕೂರುತ್ತದೆ. ಹಳೆಯ ಆಯುಧ ಸಂಗ್ರಹಿಸುವವರಿಗೆ ಬಲ್ಲವರು ಇಂದಿಗೂ ಮೊದಲು ಹೇಳುವ ಎಚ್ಚರಿಕೆ ಇದೇ.