ಚಿನ್ನದ ಪರ್ಪೆಚುಯಲ್ ಕ್ಯಾಲೆಂಡರ್ ಕೈಗಡಿಯಾರ: ತಪ್ಪು ಕಲ್ಪನೆ ಮತ್ತು ಸತ್ಯ

ಈ ತಿಂಗಳಿಗೆ 30 ದಿನವೋ 31 ದಿನವೋ, ಈ ಸಲದ ಫೆಬ್ರವರಿಗೆ 28 ದಿನವೋ 29 ದಿನವೋ ಎಂಬುದನ್ನು ತಾನೇ ಲೆಕ್ಕವಿಟ್ಟು ಸರಿಯಾದ ತಾರೀಖು ತೋರಿಸುವ ಯಾಂತ್ರಿಕ ಗಡಿಯಾರವನ್ನು ಪರ್ಪೆಚುಯಲ್ ಕ್ಯಾಲೆಂಡರ್ ಗಡಿಯಾರ ಎನ್ನುತ್ತಾರೆ. ಇಂಗ್ಲೆಂಡಿನ ಥಾಮಸ್ ಮಡ್ಜ್ 1760ರ ದಶಕದಲ್ಲೇ ಇಂಥ ಜೇಬುಗಡಿಯಾರ ಮಾಡಿದ್ದ. ಅದು ಮಣಿಕಟ್ಟಿಗೆ ಬಂದದ್ದು 1925ರಲ್ಲಿ. ಹೆಂಗಸರ ಪದಕ ಗಡಿಯಾರಕ್ಕೆಂದು 1898ರಲ್ಲಿ ಮಾಡಿಟ್ಟಿದ್ದ ಯಂತ್ರವನ್ನು ಜಿನೀವಾದ ಪಟೆಕ್ ಫಿಲಿಪ್ ಕಂಪನಿ ಆ ವರ್ಷ ಕೈಗಡಿಯಾರದೊಳಗೆ ಕೂರಿಸಿತು. 1941ರಲ್ಲಿ ಅದೇ ಕಂಪನಿ 1526 ಮತ್ತು 1518 ಎಂಬ ಮಾದರಿಗಳನ್ನು ಸರಣಿಯಾಗಿ ತಯಾರಿಸತೊಡಗಿತು. ಸ್ಟಾಪ್‌ವಾಚ್ ಕೂಡ ಇರುವ 1518 ಮಾದರಿಯ ಗಡಿಯಾರಗಳು 1954ರವರೆಗೆ ತಯಾರಾದದ್ದು 281 ಮಾತ್ರ, ಬಹುಪಾಲು ಚಿನ್ನದವು. ಕಣ್ಣಾರೆ ಕಂಡವರು ಕಡಿಮೆಯಾದ್ದರಿಂದ ಇವುಗಳ ಸುತ್ತ ತಪ್ಪು ಕಲ್ಪನೆಗಳೂ ಬೆಳೆದಿವೆ.

ತಪ್ಪು ಕಲ್ಪನೆ 1: ಒಮ್ಮೆ ಹೊಂದಿಸಿದರೆ ಮತ್ತೆಂದೂ ಮುಟ್ಟಬೇಕಿಲ್ಲ.

ಸತ್ಯ: 1518 ಮಾದರಿಗೆ ಕೈಯಿಂದಲೇ ಕೀ ಕೊಡಬೇಕು. ಕೀ ಇಳಿದು ಗಡಿಯಾರ ನಿಂತರೆ ಕ್ಯಾಲೆಂಡರೂ ಅಲ್ಲೇ ನಿಲ್ಲುತ್ತದೆ; ಆಮೇಲೆ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ತಾರೀಖಿನ ಲೆಕ್ಕಕ್ಕೂ ಮಿತಿಯಿದೆ. ಇಂಥ ಗಡಿಯಾರಗಳ ಒಳಗೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ, ಅಂದರೆ 48 ತಿಂಗಳಿಗೆ, ಒಂದು ಸುತ್ತು ಬರುವ ಬಿಲ್ಲೆಯಿರುತ್ತದೆ. ಅದರ ಅಂಚಿನಲ್ಲಿ 20 ಕಚ್ಚುಗಳು: 30 ದಿನದ ತಿಂಗಳುಗಳಿಗೆ ಆಳವಿಲ್ಲದ 16, 28 ದಿನದ ಫೆಬ್ರವರಿಗೆ ಆಳವಾದ ಮೂರು, 29 ದಿನದ ಫೆಬ್ರವರಿಗೆ ಅದಕ್ಕಿಂತ ತುಸು ಕಡಿಮೆ ಆಳದ ಒಂದು. ಸನ್ನೆಯ ತುದಿ ಕಚ್ಚಿನೊಳಗೆ ಎಷ್ಟು ಇಳಿಯುತ್ತದೋ ಅದರ ಮೇಲೆ ತಿಂಗಳ ಕೊನೆಗೆ ತಾರೀಖು ಎಷ್ಟು ಮನೆ ಜಿಗಿಯಬೇಕೆಂಬುದು ನಿರ್ಧಾರವಾಗುತ್ತದೆ. ನಾಲ್ಕು ವರ್ಷದ ಈ ಲೆಕ್ಕಕ್ಕೆ ಶತಮಾನದ ವಿನಾಯಿತಿ ತಿಳಿಯದು. ಗ್ರೆಗೋರಿಯನ್ ಪದ್ಧತಿಯಲ್ಲಿ 400ರಿಂದ ಭಾಗವಾಗದ ಶತಮಾನದ ವರ್ಷ ಅಧಿಕ ವರ್ಷವಲ್ಲ. 2000ನೇ ವರ್ಷ ಅಧಿಕ ವರ್ಷವಾಗಿದ್ದರಿಂದ ತೊಂದರೆಯಾಗಲಿಲ್ಲ. 2100ರಲ್ಲಿ ಮಾತ್ರ ಈ ಗಡಿಯಾರಗಳು ಇಲ್ಲದ ಫೆಬ್ರವರಿ 29ನ್ನು ತೋರಿಸುತ್ತವೆ. ಅದನ್ನು ಕೈಯಿಂದ ತಿದ್ದಲೇಬೇಕು.

ತಪ್ಪು ಕಲ್ಪನೆ 2: ವಾರ, ತಿಂಗಳು, ಚಂದ್ರ ತೋರಿಸುವ ಹಳೆಯ ಗಡಿಯಾರಗಳೆಲ್ಲ ಪರ್ಪೆಚುಯಲ್ ಕ್ಯಾಲೆಂಡರ್‌ಗಳೇ.

ಸತ್ಯ: 1940–50ರ ದಶಕಗಳಲ್ಲಿ ನೋಡಲು ಹೀಗೇ ಇದ್ದ ಸಾದಾ ಕ್ಯಾಲೆಂಡರ್ ಗಡಿಯಾರಗಳು ಬಹಳ ಬಂದವು. ಅವು ಪ್ರತಿ ತಿಂಗಳನ್ನೂ 31 ದಿನವೆಂದೇ ಎಣಿಸುತ್ತವೆ. ವರ್ಷಕ್ಕೆ ಐದು ಸಲ ತಿದ್ದಬೇಕು. ವಿಯೆಟ್ನಾಂನ ಕೊನೆಯ ಚಕ್ರವರ್ತಿ ಬಾವೊ ದಾಯ್ ಅವರ ಚಿನ್ನದ ರೋಲೆಕ್ಸ್ 2017ರ ಹರಾಜಿನಲ್ಲಿ 50 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಅದೂ ಈ ಸಾದಾ ಬಗೆಯದೇ. ರೋಲೆಕ್ಸ್ ಡಯಲ್‌ಗಳ ಮೇಲೆ ಕಾಣುವ ‘ಪರ್ಪೆಚುಯಲ್’ ಎಂಬ ಬರಹ ಕೈ ಅಲುಗಾಟದಿಂದ ತಾನೇ ಕೀ ಏರುವ ಏರ್ಪಾಡನ್ನು ಸೂಚಿಸುತ್ತದೆ. ಅದಕ್ಕೂ ಕ್ಯಾಲೆಂಡರಿಗೂ ಸಂಬಂಧವಿಲ್ಲ. ಇನ್ನು ಕೆಲವರು ಅಧಿಕ ವರ್ಷದ ಮುಳ್ಳು ಇಲ್ಲದಿದ್ದರೆ ಗಡಿಯಾರವೇ ಅಸಲಿಯಲ್ಲವೆಂದು ಅನುಮಾನಿಸುತ್ತಾರೆ. ಇದೂ ತಪ್ಪು: 1518ರಲ್ಲಿ ಆ ಮುಳ್ಳು ಇಲ್ಲ. ಕೈಗಡಿಯಾರದಲ್ಲಿ ಅದನ್ನು ಮೊದಲು ತೋರಿಸಿದ್ದು ಔಡೆಮಾರ್ ಪಿಗೆ ಕಂಪನಿಯ 5516 ಮಾದರಿ, 1955ರಲ್ಲಿ.

ತಪ್ಪು ಕಲ್ಪನೆ 3: ಡಯಲ್‌ನ ಚಂದ್ರ ಎಂದೂ ತಪ್ಪುವುದಿಲ್ಲ.

ಸತ್ಯ: ಸಾಮಾನ್ಯ ಚಂದ್ರಬಿಲ್ಲೆಗೆ 59 ಹಲ್ಲು, ಎರಡು ಚಂದ್ರ, ಒಂದು ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನದ ಲೆಕ್ಕ. ನಿಜವಾದ ಸರಾಸರಿ 29.53 ದಿನ. ಈ ಸಣ್ಣ ವ್ಯತ್ಯಾಸ ಕೂಡುತ್ತ ಹೋಗಿ ಸುಮಾರು ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಒಂದು ದಿನದಷ್ಟಾಗುತ್ತದೆ. ಅದೂ ಅಲ್ಲದೆ ಬಿಲ್ಲೆ ಸದಾ ಒಂದೇ ವೇಗದಲ್ಲಿ ಸರಿಯುತ್ತದೆ. ಪಂಚಾಂಗದ ತಿಥಿಯಾದರೋ ಸೂರ್ಯಚಂದ್ರರ ಸ್ಥಾನವನ್ನು ಅವಲಂಬಿಸಿ ಹಿಗ್ಗಿ ಕುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ನಿರ್ಣಯಕ್ಕೆ ಈ ಗಡಿಯಾರ ಆಧಾರವಾಗದು.

ತಪ್ಪು ಕಲ್ಪನೆ 4: ಬೆಲೆಯೆಲ್ಲ ಚಿನ್ನದ್ದು.

ಸತ್ಯ: ಕವಚದ 18 ಕ್ಯಾರೆಟ್ ಚಿನ್ನದಲ್ಲಿ ಶುದ್ಧ ಚಿನ್ನ ಮುಕ್ಕಾಲು ಪಾಲು, ಉಳಿದದ್ದು ತಾಮ್ರ, ಬೆಳ್ಳಿಯಂಥ ಲೋಹ. ಹರಾಜಿನ ಬೆಲೆಯ ಮುಂದೆ ಆ ಚಿನ್ನದ ಬೆಲೆ ಅತ್ಯಲ್ಪ. 1518 ಮಾದರಿಯಲ್ಲಿ ಹಳದಿ ಚಿನ್ನದ್ದಕ್ಕಿಂತ ವಿರಳವಾದ ಗುಲಾಬಿ ಚಿನ್ನದ್ದಕ್ಕೆ ಬೆಲೆ ಹೆಚ್ಚು. ಉಕ್ಕಿನ 1518 ಸಂಗ್ರಾಹಕರಿಗೆ ಗೊತ್ತಿರುವುದು ನಾಲ್ಕೇ. ಅವುಗಳಲ್ಲೊಂದು 2016ರಲ್ಲಿ ಜಿನೀವಾದಲ್ಲಿ 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕ್‌ಗೆ ಮಾರಾಟವಾಯಿತು. ಬೆಲೆ ಕಟ್ಟುವುದು ವಿರಳತೆ ಮತ್ತು ಸ್ಥಿತಿ, ಲೋಹವಲ್ಲ.

ತಪ್ಪು ಕಲ್ಪನೆ 5: ಪಾಲಿಶ್ ಮಾಡಿಸಿ, ಡಯಲ್ ಹೊಸದಾಗಿಸಿದರೆ ಹೆಚ್ಚು ಬೆಲೆ ಬರುತ್ತದೆ.

ಸತ್ಯ: ಆಗುವುದು ಇದಕ್ಕೆ ತದ್ವಿರುದ್ಧ. ಪಾಲಿಶ್ ಮಾಡಿದಷ್ಟೂ ಚಿನ್ನ ಸವೆಯುತ್ತದೆ. ಪಟ್ಟಿ ಸೇರುವ ಕೊಂಬುಗಳ ಚೂಪು ಅಂಚು ಮೊಂಡಾಗುತ್ತದೆ, ಚಿನ್ನದ ಪರಿಶುದ್ಧತೆಯ ಮುದ್ರೆ ಅಳಿಯುತ್ತದೆ. ಆ ಕಾಲದ ಪಟೆಕ್ ಡಯಲ್‌ಗಳಲ್ಲಿ ಅಕ್ಷರಗಳನ್ನು ಕೊರೆದು, ಎನಾಮೆಲ್ ತುಂಬಿ, ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಒರಟಾಗಿ ತೊಳೆದರೆ ಆ ಎನಾಮೆಲ್ ಹೋಗಿಬಿಡುತ್ತದೆ. ಕಾಲದ ಕಲೆಯಿರುವ ಮೂಲ ಡಯಲನ್ನೇ ಸಂಗ್ರಾಹಕರು ಬಯಸುತ್ತಾರೆ.

ತಪ್ಪು ಕಲ್ಪನೆ 6: ಪ್ರತಿ ಭಾಗವೂ ಒಂದೇ ಕಾರ್ಖಾನೆಯಲ್ಲಿ ತಯಾರಾದದ್ದು.

ಸತ್ಯ: 1518ರ ಯಂತ್ರಕ್ಕೆ ಮೂಲವಾದ ಕಚ್ಚಾ ಯಂತ್ರ ವಾಲ್ಜೂ ಕಂಪನಿಯದು. ಅದನ್ನು ತಿದ್ದಿ, ನಯಗೊಳಿಸಿ, ಮೇಲೆ ಕ್ಯಾಲೆಂಡರ್ ಜೋಡಿಸಲಾಗುತ್ತಿತ್ತು. ಕವಚ, ಡಯಲ್‌ಗಳಿಗೆ ಬೇರೆ ಬೇರೆ ಕಸುಬುದಾರರಿದ್ದರು. ಡಯಲ್ ಮಾಡುತ್ತಿದ್ದ ಸ್ಟರ್ನ್ ಕುಟುಂಬವೇ 1932ರಲ್ಲಿ ಪಟೆಕ್ ಫಿಲಿಪ್ ಕಂಪನಿಯನ್ನು ಕೊಂಡಿತು. ಹೀಗೆ ಕೆಲಸ ಹಂಚಿಕೊಳ್ಳುವುದು ಅಂದಿನ ಸ್ವಿಸ್ ಉದ್ಯಮದ ರೂಢಿ. ಅದರಿಂದ ಗಡಿಯಾರದ ಬೆಲೆ ಕುಗ್ಗುವುದಿಲ್ಲ.

ತಪ್ಪು ಕಲ್ಪನೆ 7: ಕಂಪನಿಯ ದಾಖಲೆಪತ್ರವಿದ್ದರೆ ಗಡಿಯಾರ ಅಸಲಿಯೆಂದೇ ಅರ್ಥ.

ಸತ್ಯ: ಪಟೆಕ್ ಫಿಲಿಪ್ ತನ್ನ ಕಡತಗಳಿಂದ ಕೊಡುವ ಪತ್ರದಲ್ಲಿ ಯಂತ್ರದ ಸಂಖ್ಯೆ, ಕವಚದ ಸಂಖ್ಯೆ, ತಯಾರಾದ ವರ್ಷ, ಮಾರಾಟವಾದ ದಿನಾಂಕ ಇರುತ್ತವೆ. ಆ ಸಂಖ್ಯೆಯ ಗಡಿಯಾರವನ್ನು ಕಂಪನಿ ಮಾಡಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಈಗ ಕೈಯಲ್ಲಿರುವ ಗಡಿಯಾರದ ಡಯಲ್, ಮುಳ್ಳು, ಗುಂಡಿಗಳು ಆ ದಿನದವೇ ಎಂದು ಅದು ಖಾತರಿ ಕೊಡುವುದಿಲ್ಲ.

ಹಾಗಾಗಿ ಕೊಳ್ಳುವವರು ಮೊದಲು ಪತ್ರದ ಸಂಖ್ಯೆಗಳನ್ನು ಗಡಿಯಾರದ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಆಮೇಲೆ ನುರಿತ ಗಡಿಯಾರ ರಿಪೇರಿಗಾರರಿಂದ ಕವಚ ಬಿಚ್ಚಿಸಿ ಯಂತ್ರ, ಡಯಲ್, ಮುದ್ರೆಗಳನ್ನು ಪರೀಕ್ಷಿಸಬೇಕು. ಕೊಂಡವರು ನಡುರಾತ್ರಿಯ ಆಸುಪಾಸಿನಲ್ಲಿ ಕ್ಯಾಲೆಂಡರ್ ತಿದ್ದುವ ಗುಂಡಿಗಳನ್ನು ಒತ್ತಬಾರದು: ತಾರೀಖು ಬದಲಿಸಲು ಹಲ್ಲುಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡಿರುವ ಆ ಹೊತ್ತಿನಲ್ಲಿ ಬಲವಂತ ಮಾಡಿದರೆ ಸನ್ನೆಗಳು ಮುರಿಯಬಹುದು.